ಮೂವತ್ತೆಂಟು ಹೆಜ್ಜೆ

ಇಸ್ತ್ರಿ ಮೇಜಿನಿಂದ ರಸ್ತೆ ಕಾಣುವುದು ಹೀಗೆ:
ಗಾಜಿನ ಮೇಲೆ ಲಾಂಡ್ರಿಯ ಹೆಸರು, ಒಳಗಿರುವ ನನಗೆ ತಿರುಗುಮುರುಗು,
ಅದರಾಚೆ ಹಮ್ರಿಯಾದ ನಾಲ್ಕು ಸಾಲು ವಾಹನ,
ಆ ದಡದಲ್ಲಿ ಮೀನಂಗಡಿ, ಶಾಲೆಯ ವ್ಯಾನು ನಿಲ್ಲುವ ಜಾಗ,
ಲವೀನಾಳ ಔಷಧದಂಗಡಿ,
ಮತ್ತೆ ಒಂದು ಕಂಬ. ನಂಬರು ಅರವತ್ತೆರಡು.
ದೀಪವಿದೆ, ಬೆಳಕಿಲ್ಲ.

ದಿನಕ್ಕೆ ತೊಂಬತ್ತು ದಿಶ್‌ದಾಶಾ ನನ್ನ ಕೈ ದಾಟುತ್ತವೆ.
ಹನ್ನೊಂದು ವರ್ಷ. ಬಿಳಿಯ ವಿಷಯ ನನ್ನನ್ನು ಕೇಳಿ, ಮಾರಾಯ್ರೆ.
ಕತ್ತಿನ ಗೊಂಡೆಗೆ ಅತ್ತರು, ಎದೆಗೆ ಖಾವಾ, ಜೇಬಿಗೆ ಶಾಯಿ,
ಎಲ್ಲಕ್ಕೂ ಒಂದೊಂದು ಮದ್ದು.
ರಕ್ತಕ್ಕೆ ತಣ್ಣೀರು ಮಾತ್ರ.
ಬಿಸಿ ತಾಗಿತೋ, ಬಟ್ಟೆ ಅದನ್ನು ತನ್ನದು ಮಾಡಿಕೊಳ್ಳುತ್ತದೆ.

ಶಂಬೆ ಅಜ್ಜನ ದಿಶ್‌ದಾಶಾವನ್ನು
ಮೊಮ್ಮಗ ಕೌಂಟರಿನ ಮೇಲಿಟ್ಟು, ಚೀಟಿಗೂ ಕಾಯದೆ ಹೋದ.
ಮಗ್ರಿಬ್ ಬಾಂಗಿನ ಹೊತ್ತು, ಖರ್ಜೂರದ ಕೈಚೀಲ,
ಕಸದ ಡಬ್ಬದ ಮರೆಯಿಂದ ಒಂದು ಪಿಕಪ್.
ಜೀವಕ್ಕೇನೂ ಆಗಲಿಲ್ಲ ಎಂದರು.
ಸೊಂಟಕ್ಕೆ ಆಗಿತ್ತು.
ಮೂರು ನೀರು ಬದಲಿಸಿದೆ. ಹಣ ತಗೊಳ್ಳಲಿಲ್ಲ.

ಅಂದಿನಿಂದ ಚೀಟಿಪುಸ್ತಕದ ಬೆನ್ನಿಗೆ ಗೀಟು ಹಾಕತೊಡಗಿದೆ:
ಬ್ರೇಕು ಕಿರುಚಿದರೆ ಒಂದು ಗೀಟು,
ಯಾರಾದರೂ ಹಿಂದಕ್ಕೆ ಹಾರಿದರೆ ಅಡ್ಡಗೀಟು.
ಮೊದಲ ವಾರ ನಲವತ್ತೊಂದು.
"ತೋಳು ಸುಡುತ್ತೀ ಒಂದು ದಿನ. ರಸ್ತೆ ನಿನ್ನ ಅಪ್ಪನದ್ದಾ?"
ಎಂದ ಮಾಲೀಕ.
ಅಲ್ಲ. ಈ ಊರಿನ ಯಾವ ಕಲ್ಲಿನಲ್ಲೂ ನನ್ನ ಹೆಸರಿಲ್ಲ,
ವೀಸಾದಲ್ಲಿ ಇರುವುದೂ ಎರಡೆರಡು ವರ್ಷಕ್ಕೆ.

ಲವೀನಾ ಅರ್ಜಿ ಬರೆದಳು, ತನಗೆ ಬರುವಷ್ಟು ಅರಬಿಯಲ್ಲಿ.
ಭಟ್ಕಳದ ಮಿಸ್ಬಾಹ್, ಆರನೇ ಕ್ಲಾಸು, ತಿದ್ದಿದಳು:
"ಕಂಬಕ್ಕೆ ಅಮೂದ್ ಅನ್ಬೇಕು, ಆಂಟಿ."
ಕಾಗದ ಬಲದಿಯಾಕ್ಕೆ ಹೋಯಿತು. ಉತ್ತರ ಬರುವ ಮೊದಲೇ
ಮೊಫಿಜುಲ್ ಒಂದು ಬೆಳಗಿನ ಜಾವ ಕಸದ ಡಬ್ಬವನ್ನು
ಎರಡು ಮಾರು ಹಿಂದಕ್ಕೆ ತಳ್ಳಿದ.
ಯಾರನ್ನೂ ಕೇಳಲಿಲ್ಲ. ಚಕ್ರಕ್ಕೊಂದು ಕಲ್ಲು ಕೊಟ್ಟು
ಪೊರಕೆ ಎತ್ತಿಕೊಂಡು ಹೋದ.
ಆ ವಾರ ಇಪ್ಪತ್ತಾರು.

ಏಪ್ರಿಲಿನಲ್ಲಿ ಬಶಾಯಿರ್ ಬಂದಳು, ಬಲದಿಯಾದ ಇಂಜಿನಿಯರು,
ಕೈಯಲ್ಲಿ ಅಳತೆಯ ಗಾಲಿ.
ನನ್ನ ಗೀಟುಗಳನ್ನು ನಗದೆ ಎಣಿಸಿದಳು.
ಒಂದು ರಾತ್ರಿ ಬಣ್ಣದವರೂ ಬಂದರು.
ಬೆಳಿಗ್ಗೆ ನೋಡಿದರೆ ಬಿಳಿ ಪಟ್ಟೆಗಳಿದ್ದದ್ದು
ನಾನು ಕೇಳಿದಲ್ಲಿ ಅಲ್ಲ, ಮೂವತ್ತೆಂಟು ಹೆಜ್ಜೆ ಆಚೆ.

ಸಿಟ್ಟಿನಲ್ಲಿ ಅಂದು ಒಂದು ಕಾಲರು ಕಂದಿತು.
ಅವಳು ಮತ್ತೆ ಬಂದಾಗ ಕೇಳಿಯೇಬಿಟ್ಟೆ, ಮುರುಕು ಅರಬಿಯಲ್ಲಿ.
ಮೇಜಿನಿಂದ ಬಿಡಿಸಿ ನನ್ನನ್ನು ರಸ್ತೆಯಂಚಿಗೆ ಕರೆದೊಯ್ದಳು,
ಡ್ರೈವರನ ಕಣ್ಣಿನೆತ್ತರಕ್ಕೆ ಬಗ್ಗು ಎಂದಳು.
ಬಗ್ಗಿದೆ.
ತಿರುವಿನಲ್ಲಿ ಮೀನಂಗಡಿಯ ಚಪ್ಪರ. ಅದರ ಹಿಂದೆ ಮನುಷ್ಯನಿಲ್ಲ,
ಇದ್ದಕ್ಕಿದ್ದಂತೆ ಇದ್ದಾನೆ.
ಹನ್ನೊಂದು ವರ್ಷ ದಾಟುವವರನ್ನೇ ನೋಡಿದವನು
ಓಡಿಸುವವನಿಗೆ ಏನು ಕಾಣುತ್ತದೆಂದು ನೋಡಿರಲಿಲ್ಲ.

ಆದರೂ ಜನ ಹಳೆಯ ಜಾಗದಲ್ಲೇ ದಾಟುತ್ತಾರೆ.
ನಾನೂ, ಚಹಾದ ಆತುರದಲ್ಲಿ, ಮೊನ್ನೆ.
ಮಿಸ್ಬಾಹ್ ಮಾತ್ರ ತಮ್ಮನ ಬ್ಯಾಗಿನ ಪಟ್ಟಿ ಹಿಡಿದು
ಕರು ಎಳೆದಂತೆ ಎಳೆದುಕೊಂಡು ಪಟ್ಟೆಗೇ ಹೋಗುತ್ತಾಳೆ.
ನನ್ನ ಮೂವತ್ತೆಂಟು, ವಾಕರು ಹಿಡಿದ ಶಂಬೆ ಅಜ್ಜನಿಗೆ ತೊಂಬತ್ತು.
ಅವರು ನಡೆಯುತ್ತಾರೆ. ನಡುವೆ ಎರಡು ಸಲ ನಿಲ್ಲುತ್ತಾರೆ.
ನಿಲ್ಲಲು ನೆರಳಿಲ್ಲ. ಅದನ್ನೂ ಬರೆದು ಕಳಿಸಿದ್ದೇನೆ.

ಕಳೆದ ವಾರ ಒಂಬತ್ತು.
ಪಟ್ಟೆಯ ಬಿಳಿಗೆ ಆಗಲೇ ಟಯರಿನ ಕಪ್ಪು ಹತ್ತಿದೆ,
ಆ ಕಲೆಗೆ ಮದ್ದು ನನಗೆ ಗೊತ್ತಿಲ್ಲ.
ಅರವತ್ತೆರಡು ಇನ್ನೂ ಹೊತ್ತಿಲ್ಲ.
ಚೀಟಿಪುಸ್ತಕದಲ್ಲಿ ಹಾಳೆ ಉಳಿದಿವೆ,
ಇಸ್ತ್ರಿ ಕಾದಿದೆ.